ಹೊಲ ಅಡ ಇಡಬೇಡ ತಂಗಿ

ಸೇಡಂ ಕಡೆಯ ಓದುಗಿಯೊಬ್ಬರು ಬರೆದಿದ್ದಾರೆ: ಕನ್ನಡ ಮಾಧ್ಯಮದಲ್ಲಿ ಬಿ.ಎ. ಆಗಿದೆ, ಅಂತರರಾಷ್ಟ್ರೀಯ ಸಂಬಂಧ ಮತ್ತು ಸಂಘರ್ಷ ಪರಿಹಾರದಲ್ಲಿ ಎಂ.ಎ. ಮಾಡುವಾಸೆ. ಮನೆಯಲ್ಲಿ ಬಿ.ಇಡಿ. ಮಾಡು ಅಂತಾರೆ. ಹೊಲ ಅಡ ಇಟ್ಟರೆ ಲಂಡನ್‌ನಲ್ಲಿ ಸೀಟು ಕೊಡಿಸ್ತೀನಿ ಅಂತ ಏಜೆಂಟ್ ಒಬ್ಬರು ಹೇಳಿದ್ದಾರೆ. ಓದಿದರೆ ರಾಯಭಾರಿ ಆಗಬಹುದಾ? ಎಲ್ಲಿ ಓದಲಿ?

ತಂಗಿ, ಮೊದಲು ಹೊಲದ ಮಾತು. ಬೇಡವೇ ಬೇಡ. ಈ ಡಿಗ್ರಿ ಮುಗಿದ ಕೂಡಲೇ ದೊಡ್ಡ ಸಂಬಳ ಸಿಗುವಂಥದ್ದಲ್ಲ, ಸಾಲದ ಕಂತು ಮಾತ್ರ ಕಾಯೋದಿಲ್ಲ. ರಾಯಭಾರಿ ಆಗೋಕೆ ಯುಪಿಎಸ್‌ಸಿ ಬರೆದು ಐಎಫ್‌ಎಸ್, ಅಂದರೆ ವಿದೇಶಾಂಗ ಸೇವೆ, ಸೇರಬೇಕು. ಅದಕ್ಕೆ ಯಾವುದಾದರೂ ಒಂದು ಪದವಿ ಸಾಕು. ಅಲ್ಲಿ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು.

ಹಾಗಾದರೆ ಎಂ.ಎ. ಯಾಕೆ? ಜಗಳ ಯಾಕೆ ಹುಟ್ಟುತ್ತದೆ, ನಿಂತ ಮೇಲೂ ಒಳಗೊಳಗೆ ಯಾಕೆ ಕುದಿಯುತ್ತದೆ ಅನ್ನೋದು ನಿನ್ನನ್ನು ನಿಜವಾಗಿ ಕಾಡುತ್ತಿದ್ದರೆ ಮಾಡು. ನಮ್ಮ ಭಾಗದವರಿಗೆ ಇದು ದೂರದ ವಿಷಯವಲ್ಲ. 1948ರ ಆಗಸ್ಟ್‌ನಲ್ಲಿ ನಿಜಾಮರ ಸರ್ಕಾರ ಭಾರತದ ಮೇಲೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ಕಲಬುರಗಿ, ಬೀದರ್ ಆಗ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳು. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು (ಪೊಲೀಸ್ ಆ್ಯಕ್ಷನ್ ಅಂತಾರಲ್ಲ, ಅದು ಇದೇ), 16ಕ್ಕೆ ಪ್ಯಾರಿಸ್‌ನಲ್ಲಿ ಮಂಡಳಿ ಆ ದೂರನ್ನು ಕೈಗೆತ್ತಿಕೊಂಡಿತು, ಮರುದಿನವೇ ನಿಜಾಮರು ಶರಣಾದರು, ಆಮೇಲೆ ದೂರನ್ನೂ ವಾಪಸ್ ಪಡೆದರು.

ಇದು ಪುಸ್ತಕದಲ್ಲಿ ಸಿಗುವ ಅರ್ಧ. ಉಳಿದರ್ಧ ನಮ್ಮ ಓಣಿಗಳಲ್ಲಿದೆ. ನಿಜಾಮರ ಪರ ನಿಂತಿದ್ದ ಖಾಸಗಿ ಪಡೆಯಾದ ರಜಾಕಾರರ ಹಾವಳಿಯನ್ನು ಹಿರಿಯರು ಎಲ್ಲರ ಮುಂದೆ ಹೇಳುತ್ತಾರೆ, ಪೊಲೀಸ್ ಆ್ಯಕ್ಷನ್ ಆದಮೇಲೆ ಮುಸ್ಲಿಮರ ಮೇಲೆ ನಡೆದದ್ದನ್ನು ಹೇಳುವಾಗ ದನಿ ತಗ್ಗುತ್ತದೆ. ನೆಹರೂ ಸರ್ಕಾರ ಕಳಿಸಿದ ಸುಂದರ್‌ಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಕಲಬುರಗಿ, ಬೀದರ್ ಎರಡನ್ನೂ ಹೆಸರಿಸಿತ್ತು. ಆ ವರದಿ ಎಷ್ಟೋ ದಶಕ ಹೊರಗೇ ಬರಲಿಲ್ಲ. ಅಷ್ಟೆಲ್ಲ ಆದಮೇಲೂ ಜನ ಮತ್ತೆ ಅಕ್ಕಪಕ್ಕದಲ್ಲೇ ಬದುಕಿದರಲ್ವಾ, ಹೇಗೆ? ಯಾರು ಯಾರ ಮನೆಗೆ ಮೊದಲು ಹೋದರು? ಹೊಡೆದಾಟ ನಿಲ್ಲುವುದು ಬೇರೆ, ಅನ್ಯಾಯ ಹೋಗಿ ಶಾಂತಿ ನೆಲೆಸುವುದು ಬೇರೆ ಅಂತ ನಾರ್ವೆಯ ಶಾಂತಿ ಅಧ್ಯಯನದ ವಿದ್ವಾಂಸ ಯೋಹಾನ್ ಗಾಲ್ಟುಂಗ್ ವಿಂಗಡಿಸಿದರು. ಆ ಮಾತನ್ನು ಇಟ್ಟುಕೊಂಡು ಸೇಡಂ, ಆಳಂದದ ಅಜ್ಜ ಅಜ್ಜಿಯರನ್ನು ಮಾತಾಡಿಸುವ ಹುಡುಗಿ ನಮಗೆ ಬೇಕು. ಅವರಿಗೆಲ್ಲ ಈಗ ಎಂಬತ್ತು ದಾಟಿದೆ, ಟೈಮ್ ಜಾಸ್ತಿ ಇಲ್ಲ.

ಇನ್ನು ಎಲ್ಲಿ ಓದೋದು ಅಂತ ಕೇಳಿದೆ. ದೆಹಲಿಯ ಜೆಎನ್‌ಯುನಲ್ಲಿ ಅಂತರರಾಷ್ಟ್ರೀಯ ಅಧ್ಯಯನಕ್ಕೇ ಒಂದು ದೊಡ್ಡ ವಿಭಾಗವಿದೆ. ಅದರ ಮೂಲ ಸಂಸ್ಥೆ ಶುರುವಾದದ್ದು 1955ರಲ್ಲಿ. ದೆಹಲಿಯದೇ ಜಾಮಿಯಾ ಮಿಲಿಯಾ ವಿಶ್ವವಿದ್ಯಾಲಯದ ನೆಲ್ಸನ್ ಮಂಡೇಲಾ ಕೇಂದ್ರದಲ್ಲಿ ಸಂಘರ್ಷ ಮತ್ತು ಶಾಂತಿಯದ್ದೇ ಎಂ.ಎ. ಇದೆ. ನಿನ್ನ ಪತ್ರ ನೋಡಿದರೆ ನಿನಗೆ ಅದೇ ಸರಿ ಅನ್ನಿಸುತ್ತದೆ. ಜೆಎನ್‌ಯುಗೆ ಸಿಯುಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆಯಬೇಕು, ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಇರುತ್ತವೆ. ಹಾಗಾಗಿ ಇವತ್ತಿನಿಂದಲೇ ದಿನಾ ಇಂಗ್ಲಿಷ್ ಪೇಪರಿನ ವಿದೇಶ ಪುಟ ಓದು, ಓದಿದ್ದನ್ನು ನಿನ್ನದೇ ನಾಲ್ಕು ವಾಕ್ಯದಲ್ಲಿ ಬರಿ. ಸುಮ್ನೆ ಓದಿದರೆ ನಿಲ್ಲೋದಿಲ್ಲ.

ವಿದೇಶದ ಆಸೆ ಬಿಡು ಅಂತಿಲ್ಲ, ಆಮೇಲೆ ಹೋಗು. ಮೂರು ವರ್ಷ ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ರೋಟರಿ ಪೀಸ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಸಿಕ್ಕರೆ ಫೀಸು, ಊಟ, ವಸತಿ, ವಿಮಾನದ ಖರ್ಚು ಎಲ್ಲ ಅವರದೇ. ಪೈಪೋಟಿ ಮಾತ್ರ ಜೋರು.

ಮನೆಯಲ್ಲಿ ಜಗಳ ಮಾಡಬೇಡ. ಎಂ.ಎ. ಮೇಲೆ ನೆಟ್ ಅನ್ನೋ ಅರ್ಹತಾ ಪರೀಕ್ಷೆ ಪಾಸಾದರೆ ಕಾಲೇಜಲ್ಲಿ ಪಾಠ ಮಾಡುವ ದಾರಿಯೂ ಇದೆ ಅಂತ ಹೇಳು. ಜೆಎನ್‌ಯು ಫೀಸಿನ ಪಟ್ಟಿಯನ್ನು ಏಜೆಂಟ್ ಕೊಟ್ಟ ಲೆಕ್ಕದ ಪಕ್ಕದಲ್ಲಿಟ್ಟು ಅಪ್ಪನಿಗೆ ತೋರಿಸು.