‘ಎಲ್ಲರೂ ನಕ್ಕರು’ ಎಂಬ ಸಾಲಿನಲ್ಲಿ ಯಾರಿದ್ದಾರೆ?

ಮಾನ್ಯ ಓದುಗರೆ,

ಪ್ರೌಢಶಾಲೆಯ ಭಾಷಾ ಶಿಕ್ಷಕಿಯಾಗಿರುವ ನೀವು ಬರೆದ ಪತ್ರವನ್ನು ಒಂದಕ್ಕಿಂತ ಹೆಚ್ಚು ಬಾರಿ ಓದಿದೆ. ಮಾತು ತೊದಲುವ ಹುಡುಗನನ್ನು ಸಹಪಾಠಿಗಳು ಗೇಲಿ ಮಾಡುವ ಕಥೆಯೊಂದನ್ನು ಪಾಠ ಮಾಡಿದ ಮೇಲೆ ನೀವು ಮಕ್ಕಳಿಗೆ ‘ನಿಮಗೂ ಹೀಗೆ ಆದದ್ದುಂಟೇ? ಬರೆಯಿರಿ’ ಎಂದಿರಿ. ಹಲವರು ಉತ್ಸಾಹದಿಂದ ಬರೆದರು. ಒಬ್ಬ ಹುಡುಗಿ ಮಾತ್ರ ಅರ್ಧ ಪುಟಕ್ಕೆ ನಿಲ್ಲಿಸಿ, ಏನೂ ಹೇಳದೆ ಹಾಳೆ ಕೊಟ್ಟು ಹೋದಳು. ಬಳಿಕ ಪೋಷಕರೊಬ್ಬರು ಬಂದು, ಪಾಠ ಮಾಡಿದರೆ ಸಾಕು, ಮಕ್ಕಳ ಮನೆಯ ವಿಷಯ ಕೆದಕಬೇಡಿ ಎಂದರು. ಸಹೋದ್ಯೋಗಿಗಳು ಪಠ್ಯ ಮುಗಿಸುವುದರ ಕಡೆ ಗಮನ ಕೊಡಿ ಎಂದರು. ತರಗತಿಯ ಓದನ್ನು ಇಂದಿನ ವಿದ್ಯಮಾನಗಳಿಗೆ, ಮಕ್ಕಳ ನಡುವಿನ ಕಿರುಕುಳಕ್ಕೆ, ಅವರವರ ದಿನನಿತ್ಯದ ಅನುಭವಕ್ಕೆ ಜೋಡಿಸಬೇಕೋ ಬೇಡವೋ ಎಂಬುದು ನಿಮ್ಮ ಪ್ರಶ್ನೆ.

ಜೋಡಿಸಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ನೀವು ಹಿಡಿದ ದಾರಿಯನ್ನು ನಾನು ಒಪ್ಪಲಾರೆ.

ಮೊದಲು ತುರ್ತಿನ ವಿಷಯ. ಆ ಹುಡುಗಿಯ ಹಾಳೆಗೆ ಅಂಕ ಹಾಕಬೇಡಿ, ಅದರ ಕಾಗುಣಿತವನ್ನೂ ತಿದ್ದಬೇಡಿ. ಬೇರೆಯವರ ಕಣ್ಣಿಗೆ ಬೀಳದ ಹೊತ್ತು ನೋಡಿ ಅವಳೊಡನೆ ಮಾತನಾಡಿ. ಓದಿದ್ದೇನೆ, ಇನ್ನಷ್ಟು ಹೇಳಬೇಕೆನಿಸಿದರೆ ಕೇಳಲು ಸಿದ್ಧಳಿದ್ದೇನೆ, ಹೇಳದಿದ್ದರೂ ಬೇಸರವಿಲ್ಲ ಎಂದು ತಿಳಿಸಿ. ಕಿರುಕುಳ ಇನ್ನೂ ನಡೆಯುತ್ತಿದೆಯೆಂಬ ಸುಳಿವು ಆ ಬರಹದಲ್ಲಿದ್ದರೆ ನೀವು ಸುಮ್ಮನಿರುವಂತಿಲ್ಲ, ಮುಖ್ಯ ಶಿಕ್ಷಕರಿಗೆ ತಿಳಿಸಲೇಬೇಕು. ಆದರೆ ಯಾರಿಗೆ ಹೇಳುತ್ತೀರಿ, ಏಕೆ ಹೇಳುತ್ತೀರಿ ಎಂಬುದು ಎಲ್ಲರಿಗಿಂತ ಮೊದಲು ಅವಳಿಗೆ ಗೊತ್ತಾಗಬೇಕು. ನಂಬಿ ಬರೆದ ಮಾತು ತನಗೆ ತಿಳಿಯದಂತೆ ಶಿಕ್ಷಕರ ಕೋಣೆಯಲ್ಲಿ ಸುತ್ತಾಡಿತೆಂದು ಗೊತ್ತಾದ ಮಗು ಮತ್ತೆ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ.

ಇನ್ನು ಓದಿನ ವಿಚಾರ. ಓದುಗ ತನ್ನ ಅನುಭವವನ್ನು ತಾರದೆ ಸಾಹಿತ್ಯಕ್ಕೆ ಅರ್ಥ ಹುಟ್ಟುವುದಿಲ್ಲವೆಂದು ಅಮೆರಿಕದ ಶಿಕ್ಷಣ ಚಿಂತಕಿ ಲೂಯಿಸ್ ರೋಸೆನ್‌ಬ್ಲಾಟ್ 1938ರಷ್ಟು ಹಿಂದೆಯೇ ವಾದಿಸಿದ್ದರು. ಹಾಗೆಂದು ಯಾವ ಅರ್ಥವಾದರೂ ನಡೆದೀತು ಎಂದು ಅವರು ಹೇಳಲಿಲ್ಲ. ಓದುಗ ಕಟ್ಟಿಕೊಂಡ ಅರ್ಥಕ್ಕೆ ಪಠ್ಯದಲ್ಲಿ ಆಧಾರವಿರಬೇಕು, ಪಠ್ಯದ ಮಾತುಗಳು ಅದನ್ನು ಅಲ್ಲಗಳೆಯಬಾರದು ಎಂದೂ ಒತ್ತಿ ಹೇಳಿದ್ದರು. ತರಗತಿಗಳಲ್ಲಿ ಹೆಚ್ಚಾಗಿ ಮರೆತುಹೋಗುವುದು ಈ ಎರಡನೆಯ ಮಾತು. ‘ನನಗೂ ಹೀಗೇ ಆಗಿತ್ತು’ ಎಂದು ಒಂದು ಮಗು ಹೇಳಿದೊಡನೆ ಶಿಕ್ಷಕರು ಸಂತೋಷಪಟ್ಟು ಮುಂದಿನ ಮಗುವಿನತ್ತ ತಿರುಗುತ್ತಾರೆ, ಕಥೆ ಅಲ್ಲಿಗೇ ಉಳಿಯುತ್ತದೆ. ಆಗ ಕೇಳಬೇಕಾದದ್ದು, ನಿನಗೆ ಹಾಗಾಗಿದ್ದರಿಂದ ಈ ಹುಡುಗನ ವಿಷಯದಲ್ಲಿ ಉಳಿದವರಿಗೆ ಕಾಣದ ಏನು ನಿನಗೆ ಕಾಣುತ್ತಿದೆ, ಯಾವ ಸಾಲಿನಲ್ಲಿ ಕಾಣುತ್ತಿದೆ ಎಂದು. ಅನುಭವವು ಕಥೆಯನ್ನು ಬೆಳಗಬೇಕು, ಕಥೆಯ ಜಾಗವನ್ನು ಆಕ್ರಮಿಸಿಕೊಳ್ಳಬಾರದು.

ಕಿರುಕುಳದ ಕಥೆಗಳಲ್ಲಂತೂ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಕಿರುಕುಳ ಕೊಡುವವರೂ ಅನುಭವಿಸುವವರೂ ಅದೇ ಕೋಣೆಯಲ್ಲಿ ಕುಳಿತು ಅದೇ ಪಾಠ ಕೇಳುತ್ತಿರುತ್ತಾರೆ. ‘ನಮ್ಮ ತರಗತಿಯಲ್ಲಿ ಹೀಗೆ ಯಾರಿಗಾದರೂ ಆಗಿದೆಯೇ’ ಎಂದು ನೀವು ಕೇಳಿದ ಕ್ಷಣವೇ ಇಡೀ ತರಗತಿಯ ಕಣ್ಣುಗಳು ಒಬ್ಬನತ್ತ ಹೊರಳಬಹುದು. ಆ ನೋಟದಿಂದ ಅವನಿಗಾಗುವ ನೋವಿಗೆ ನಿಮ್ಮ ಪ್ರಶ್ನೆಯೇ ಕಾರಣವಾಗುತ್ತದೆ.

ಈ ವಿಷಯದಲ್ಲಿ ಸಂಶೋಧಕರು ಕಂಡುಕೊಂಡಿರುವುದು ಪಾಠ ಮಾಡುವವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. 1970ರ ದಶಕದಿಂದ ಇದನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಅವರು ಕಿರುಕುಳಕ್ಕೆ ಮೂರು ಗುರುತುಗಳನ್ನು ಹೇಳಿದರು: ನೋಯಿಸುವ ಉದ್ದೇಶವಿರುತ್ತದೆ, ಅದು ಮತ್ತೆ ಮತ್ತೆ ನಡೆಯುತ್ತದೆ, ಎರಡು ಕಡೆಯ ಬಲ ಸಮನಾಗಿರುವುದಿಲ್ಲ. ನೀವು ಕಲಿಸಿದ ಕಥೆಯಲ್ಲಿ ನಡೆದದ್ದು ಬರಿಯ ಜಗಳವೋ, ತಮಾಷೆಯೋ, ಕಿರುಕುಳವೋ ಎಂದು ಈ ಮೂರು ಗುರುತುಗಳನ್ನು ಹಿಡಿದು ಮಕ್ಕಳು ತೀರ್ಮಾನಿಸಲಿ, ಪ್ರತಿಯೊಂದಕ್ಕೂ ಕಥೆಯಿಂದಲೇ ಒಂದು ಸಾಲನ್ನು ಆಧಾರವಾಗಿ ಕೊಡಲಿ. ಇದು ಅಪ್ಪಟ ಸಾಹಿತ್ಯದ ಕೆಲಸ. ಇದರಲ್ಲಿ ಯಾರ ಮನೆಯ ಬಾಗಿಲನ್ನೂ ತಟ್ಟಬೇಕಿಲ್ಲ. ‘ನಾವು ತಮಾಷೆಗೆ ಅಂದೆವು’ ಎಂಬ ಸಮಜಾಯಿಷಿ ಎಷ್ಟು ಟೊಳ್ಳೆಂಬುದು, ಅದನ್ನು ದಿನವೂ ಬಳಸುವ ಹುಡುಗನಿಗೂ, ಅವನತ್ತ ಬೆರಳು ತೋರಿಸದೆಯೇ ಅರ್ಥವಾಗುತ್ತದೆ.

ಇದಕ್ಕಿಂತ ಮುಖ್ಯವಾದವರು ಸುತ್ತ ನಿಂತವರು. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಅವರ ಸಹಸಂಶೋಧಕರು 1996ರಲ್ಲಿ ತೋರಿಸಿದಂತೆ, ಕಿರುಕುಳದಲ್ಲಿ ಇಡೀ ಗುಂಪಿಗೇ ಪಾತ್ರವಿರುತ್ತದೆ: ಕೆಲವರು ಕೈಜೋಡಿಸುತ್ತಾರೆ, ಕೆಲವರು ನಕ್ಕು ಹುರಿದುಂಬಿಸುತ್ತಾರೆ, ಕೆಲವರು ದೂರ ಸರಿಯುತ್ತಾರೆ, ಕೆಲವರು ನೊಂದವನ ಪರ ನಿಲ್ಲುತ್ತಾರೆ. ಕೆನಡಾದ ಸಂಶೋಧಕರು ಶಾಲೆಯ ಆಟದ ಮೈದಾನದಲ್ಲಿ ನಡೆದದ್ದನ್ನು ಚಿತ್ರೀಕರಿಸಿ ನೋಡಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಹಪಾಠಿಯೊಬ್ಬರು ಮಧ್ಯೆ ಬಂದ ಸಂದರ್ಭಗಳ ಪೈಕಿ ಶೇಕಡಾ 57ರಲ್ಲಿ ಕಿರುಕುಳ 10 ಸೆಕೆಂಡುಗಳೊಳಗೆ ನಿಂತಿತು. ಆದರೆ ಹಾಗೆ ಮಧ್ಯೆ ಬರುವವರು ಕಡಿಮೆ. ಕಥೆಗಳೂ ಈ ಗುಂಪಿಗೆ ಹೆಚ್ಚು ಜಾಗ ಕೊಡುವುದಿಲ್ಲ. ‘ಎಲ್ಲರೂ ನಕ್ಕರು’ ಎಂಬ ಒಂದು ಸಾಲಿನಲ್ಲಿ ಅವರ ಲೆಕ್ಕ ಮುಗಿಸುತ್ತವೆ. ಭಾಷಾ ಶಿಕ್ಷಕರು ತಡೆದು ನಿಲ್ಲಬೇಕಾದದ್ದು ಆ ಸಾಲಿನಲ್ಲಿ. ಆ ಎಲ್ಲರಲ್ಲಿ ಮನಸ್ಸಿಲ್ಲದೆ ನಕ್ಕವಳು ಒಬ್ಬಳಿದ್ದಿರಬಹುದೇ? ನಗದಿದ್ದರೆ ಮುಂದಿನ ಸರದಿ ತನ್ನದೆಂದು ಹೆದರಿದವನು? ಅಂದು ಸಂಜೆ ಆ ಹುಡುಗನ ಬಳಿ ಒಬ್ಬನೇ ಹೋಗಿ ಏನೋ ಹೇಳಬೇಕೆಂದುಕೊಂಡವನು? ಅವರಲ್ಲಿ ಒಬ್ಬರ ಬಾಯಿಂದ ಆ ಪ್ರಸಂಗವನ್ನು ಮತ್ತೆ ಬರೆಯಲು ಹೇಳಿ. ಬರೆಯುವ ಪ್ರತಿ ಮಗುವೂ ಎಂದಾದರೊಮ್ಮೆ ಆ ಗುಂಪಿನಲ್ಲಿ ನಿಂತದ್ದೇ ಇರುತ್ತದೆ, ಬರಹಕ್ಕೆ ಬೇಕಾದ ಸ್ವಂತ ಅನುಭವವೆಲ್ಲ ತಾನಾಗಿಯೇ ಒದಗುತ್ತದೆ. ಆದರೂ ಅದು ಕಥೆಯ ಪಾತ್ರದ ಹೆಸರಿನಲ್ಲಿರುವುದರಿಂದ ತನ್ನದೆಷ್ಟು, ಕಲ್ಪನೆ ಎಷ್ಟು ಎಂಬುದನ್ನು ಯಾರಿಗೂ ಹೇಳಬೇಕಾದ ಹಂಗಿಲ್ಲ. ಈ ಮರೆಯನ್ನು ಮಕ್ಕಳಿಗೆ ಒದಗಿಸುವುದು ಸಾಹಿತ್ಯಕ್ಕೆ ಮಾತ್ರ ಸಾಧ್ಯ, ನೀತಿಬೋಧೆಗೆ ಸಾಧ್ಯವಿಲ್ಲ.

ಇಂದಿನ ವಿದ್ಯಮಾನಗಳ ಬಗ್ಗೆ ಹೇಳುವುದು ಸ್ವಲ್ಪವೇ. ಇದೇ ಘಟನೆ ಫೋನಿನ ಗುಂಪೊಂದರಲ್ಲಿ ನಡೆದಿದ್ದರೆ ಏನು ಬದಲಾಗುತ್ತಿತ್ತು ಎಂದು ಕೇಳಿ ನೋಡಿ. ಶಾಲೆಯ ಗಂಟೆ ಹೊಡೆದ ಮೇಲೂ ಗೇಲಿ ನಿಲ್ಲುವುದಿಲ್ಲ, ನಕ್ಕವರ ಮುಖ ಕಾಣುವುದಿಲ್ಲ, ಹಂಚಿದ ವಿಡಿಯೊ ಯಾರ ಕೈಯಲ್ಲೂ ಇರಬಹುದು ಎಂಬುದನ್ನೆಲ್ಲ ಮಕ್ಕಳು ನಮಗಿಂತ ಚೆನ್ನಾಗಿ ಬಿಡಿಸಿ ಹೇಳುತ್ತಾರೆ. ಆದರೆ ಓದಿದ್ದೆಲ್ಲವನ್ನೂ ಎಳೆದು ತಂದು ಈ ವಾರದ ಸುದ್ದಿಗೆ ಕಟ್ಟುವ ಹಟ ಬೇಡ. ಮಕ್ಕಳ ಪುಸ್ತಕಗಳು ತಮ್ಮ ಬದುಕನ್ನು ತೋರಿಸುವ ಕನ್ನಡಿಯೂ ಆಗಬೇಕು, ಬೇರೆಯವರ ಬದುಕನ್ನು ಕಾಣಿಸುವ ಕಿಟಕಿಯೂ ಆಗಬೇಕು ಎಂದು ಅಮೆರಿಕದ ಮಕ್ಕಳ ಸಾಹಿತ್ಯ ವಿದ್ವಾಂಸೆ ರೂಡಿನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದರು. ‘ಇದು ನನ್ನ ಬದುಕಿನ ಹಾಗಿಲ್ಲ’ ಎಂದು ಒಂದು ಮಗು ಹೇಳಿದರೆ ಅದೂ ಒಳ್ಳೆಯ ಉತ್ತರವೇ. ಎಲ್ಲಿ ಹಾಗಿಲ್ಲ, ಏಕಿಲ್ಲ ಎಂದು ಮುಂದುವರಿಸಿ.

ಪೋಷಕರ ಆಕ್ಷೇಪದಲ್ಲಿ ಅರ್ಧದಷ್ಟು ನ್ಯಾಯವಿದೆಯೆಂದು ನನಗನ್ನಿಸುತ್ತದೆ. ಮನೆಯೊಳಗಿನದನ್ನು ಬರೆಯಲೇಬೇಕೆಂದು ಮಗುವಿಗೆ ಹೇಳುವ ಅಧಿಕಾರ ಶಿಕ್ಷಕರಿಗಿಲ್ಲ. ಅಂಕಕ್ಕಾಗಿ ಬರೆಸುವಲ್ಲಂತೂ ಇಲ್ಲವೇ ಇಲ್ಲ. ಸ್ವಂತ ಅನುಭವ ಕೇಳುವ ಪ್ರಶ್ನೆಯ ಪಕ್ಕದಲ್ಲೇ ಕಥೆಯನ್ನು ಕುರಿತ ಇನ್ನೊಂದು ಪ್ರಶ್ನೆ ಯಾವಾಗಲೂ ಇರಲಿ. ಯಾವುದನ್ನು ಆರಿಸಿಕೊಂಡರೂ ಕಾರಣ ಕೇಳಬೇಡಿ. ಆದರೆ ಕಿರುಕುಳದ ಮಾತೇ ತರಗತಿಯಲ್ಲಿ ಬರಬಾರದೆಂದು ಅವರು ಹೇಳಿದರೆ ಒಪ್ಪಬೇಡಿ. ಸಹಪಾಠಿಗಳಿಂದ ಕಿರುಕುಳಕ್ಕೆ ಒಳಗಾದ ಮಕ್ಕಳ ಪ್ರಮಾಣ ಜಗತ್ತಿನಾದ್ಯಂತ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಷ್ಟಿದೆ ಎಂದು ಯುನೆಸ್ಕೊ 2019ರ ವರದಿಯಲ್ಲಿ ಹೇಳಿತ್ತು. ಅದೂ ಹಿಂದಿನ ಒಂದು ತಿಂಗಳ ಅನುಭವವನ್ನು ಕೇಳಿದಾಗ ಸಿಕ್ಕ ಉತ್ತರ. ನೀವು ಆ ಮಾತನ್ನು ಎತ್ತಲಿ, ಬಿಡಲಿ, ಅದು ತರಗತಿಯಲ್ಲಿ ಇದ್ದೇ ಇರುತ್ತದೆ.

ಸಹೋದ್ಯೋಗಿಗಳ ಆತಂಕಕ್ಕೆ ಉತ್ತರ ಸುಲಭ. ಇದಕ್ಕೆ ಬೇರೆ ಅವಧಿ ಬೇಕಿಲ್ಲ. ‘ಕಥೆಯ ಸಾರಾಂಶ ಬರೆಯಿರಿ’ ಎಂಬ ಪ್ರಶ್ನೆಯ ಜಾಗದಲ್ಲಿ ಸುತ್ತ ನಿಂತವರ ಪ್ರಶ್ನೆಯನ್ನು ಇಟ್ಟರೆ, ಕಥೆ ಓದದವರು ಅದಕ್ಕೆ ಉತ್ತರ ಬರೆಯಲಾರರು, ಓದಿದವರು ಸಾರಾಂಶವನ್ನು ಹೇಗೂ ಬಲ್ಲವರಾಗಿರುತ್ತಾರೆ. ಮುಂದಿನ ಪೋಷಕರ ಸಭೆಗೆ ಆ ಪ್ರಶ್ನೆಗಳನ್ನೂ, ಮಕ್ಕಳ ಒಪ್ಪಿಗೆ ಪಡೆದು ಹೆಸರಿಲ್ಲದ ಎರಡು ಮೂರು ಉತ್ತರಗಳನ್ನೂ ಒಯ್ಯಿರಿ. ನೀವು ಏನು ಕಲಿಸುತ್ತಿದ್ದೀರಿ ಎಂಬುದನ್ನು ಅವರು ಓದಿಯೇ ತಿಳಿಯಲಿ.

— ಸಂಪಾದಕ