ಮೊಮ್ಮಕ್ಕಳಿಗೆ ಊರು ತೋರಿಸುವ ಆಸೆ, ಸೊಸೆಗೆ ಬೇಡ

ಪ್ರಶ್ನೆ: ನಾನು ಗದಗಿನವ, ವಯಸ್ಸು 68. ಮಗನ ಸಂಸಾರ ಪುಣೆಯಲ್ಲಿದೆ. ಹೋದ ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳಿಗೆ (ಹುಡುಗನಿಗೆ 11, ಹುಡುಗಿಗೆ 6) ಒಂದೇ ದಿನ ತ್ರಿಕೂಟೇಶ್ವರ, ವೀರನಾರಾಯಣ, ಲಕ್ಕುಂಡಿ, ಡಂಬಳ ತೋರಿಸಿದೆ. ಸಣ್ಣಾಕಿ ಲಕ್ಕುಂಡಿಯಲ್ಲಿ ಅತ್ತು ರಂಪ ಮಾಡಿದಳು, ಹುಡುಗ ಮೊಬೈಲಿನಿಂದ ತಲೆ ಎತ್ತಲಿಲ್ಲ. ದೀಪಾವಳಿಗೆ ಮತ್ತೆ ಬರುತ್ತಾರೆ. ‘ಮಾವಾರ, ಈ ಸಲ ಗುಡಿ ಸುತ್ತೋದು ಬ್ಯಾಡ್ರಿ’ ಎಂದು ಸೊಸೆ ಈಗಲೇ ಹೇಳಿದ್ದಾಳೆ. ಮನೆಯಾಕೆಗೆ ಮೊಣಕಾಲು ನೋವು ಬೇರೆ. ನಾನು ಹುಟ್ಟಿ ಬೆಳೆದ ಊರನ್ನು ಮೊಮ್ಮಕ್ಕಳಿಗೆ ತೋರಿಸುವುದು ತಪ್ಪೇ?

ಉತ್ತರ: ತಪ್ಪಲ್ಲ ಹಿರಿಯರೇ, ತೋರಿಸಲೇಬೇಕು. ಆದರೆ ನಾಲ್ಕರಲ್ಲಿ ಮೂರನ್ನು ಈ ಸಲ ಕೈಬಿಡಿ.

ಸೊಸೆಗೆ ನಿಮ್ಮ ಊರಿನ ಮೇಲೆ ತಾತ್ಸಾರವಿದೆ ಎಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಹನ್ನೊಂದು ಗಂಟೆಯಾಗುವಷ್ಟರಲ್ಲಿ ಗುಡಿಯ ಹಾಸುಗಲ್ಲು ಅಂಗಾಲು ಸುಡುತ್ತದೆ. ಆ ಹೊತ್ತಿಗೆ ಆರು ವರ್ಷದ ಮಗುವಿಗೆ ಹಸಿವು, ನಿದ್ದೆ ಎರಡೂ ಕೂಡಿ ಬರುತ್ತವೆ. ಅಳುವ ಮಗುವನ್ನು ಸೊಂಟದ ಮೇಲೆ ಹೊತ್ತು ನಿಂತವಳು ಅವಳೇ ಅಲ್ಲವೇ? ಈ ವಾರವೇ ಅವಳಿಗೆ ಫೋನ್ ಮಾಡಿ. ಮಗನ ಕೈಲಿ ಹೇಳಿಸಬೇಡಿ. ‘ಸಣ್ಣಾಕಿ ಎಷ್ಟಕ್ಕ ಏಳ್ತಾಳ, ಎಷ್ಟಕ್ಕ ಉಣ್ತಾಳ’ ಎಂದು ಕೇಳಿಕೊಳ್ಳಿ. ಒಂದು ಮುಂಜಾನೆ ಮಕ್ಕಳನ್ನು ನಾನೇ ಕರೆದುಕೊಂಡು ಹೋಗಿ ಹತ್ತೂವರೆಗೆ ಮನೆ ಮುಟ್ಟಿಸುತ್ತೇನೆ, ನೀನು ಆರಾಮ ಇರು ಅನ್ನಿ. ಹೇಳಿದ ಹೊತ್ತಿಗೆ ಮರಳಿ ಬನ್ನಿ. ಮುಂದಿನ ಸಲ ಅವಳು ಒಪ್ಪುವುದು ಬಿಡುವುದು ಇದರ ಮೇಲೆ ನಿಂತಿದೆ.

ಆ ಮುಂಜಾನೆಗೆ ವೀರನಾರಾಯಣ ಗುಡಿ, ಸುತ್ತಲಿನ ಹಳೆಯ ಓಣಿಗಳು ಸಾಕು. ತಯಾರಿ ಹಿಂದಿನ ರಾತ್ರಿ ಮನೆಯಲ್ಲೇ ಆಗಬೇಕು. ಗುಡಿಯಲ್ಲಿ ನಿಂತು ಅರ್ಧ ತಾಸು ಕಥೆ ಹೇಳಿದರೆ ಮಕ್ಕಳು ಕೇಳುವುದಿಲ್ಲ, ಊಟವಾದ ಮೇಲೆ ಹಾಸಿಗೆಯಲ್ಲಿ ಹೇಳಿದರೆ ಬಿಡುವುದೇ ಇಲ್ಲ. ಕುಮಾರವ್ಯಾಸ ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಇದೇ ಗುಡಿಯ ಕಂಬಕ್ಕೊರಗಿ ಕೂತು, ಬಟ್ಟೆ ಆರುವತನಕ ಭಾರತ ಬರೆಯುತ್ತಿದ್ದ ಎಂಬ ಕಥೆ ಸಣ್ಣಾಕಿಗೆ ಬೇಕಾದಷ್ಟಾಯಿತು. ಹುಡುಗನಿಗೆ ಆ ಭಾರತದ ಆರು ಸಾಲಿನ ಪದ್ಯದ, ಅಂದರೆ ಭಾಮಿನಿ ಷಟ್ಪದಿಯ, ನಡೆ ಕಲಿಸಿ: ‘ತಕಿಟ ತಕಧಿಮಿ ತಕಿಟ ತಕಧಿಮಿ’, ಮೂರು-ನಾಲ್ಕು, ಮೂರು-ನಾಲ್ಕು. ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಈ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆ ಎಳೆಯುವ ಅಕ್ಷರ. ಪುಣೆಯಲ್ಲಿ ಬೆಳೆದ ಹುಡುಗನಿಗೆ ಕನ್ನಡ ಓದಲು ಬರದಿದ್ದರೂ ಚಪ್ಪಾಳೆ ತಟ್ಟಲು ಬರುತ್ತದೆ. ಮರುದಿನ ಆ ಕಂಬದ ಹತ್ತಿರ ನೀವು ಒಂದು ಪದ್ಯ ಹೇಳಿ, ಅವನು ತಾಳ ಹಾಕಲಿ. ಮೊಬೈಲು ಅವನ ಕಿಸೆಯಲ್ಲೇ ಇರುತ್ತದೆ.

ಏಳೂವರೆಗೆ ಮನೆ ಬಿಡಿ. ಇಬ್ಬರಿಗೂ ಹತ್ತಿಯ ಸಾಕ್ಸ್ ಹಾಕಿಸಿ, ಚಪ್ಪಲಿ ಬಿಟ್ಟರೂ ಕಾಲು ಸುಡುವುದಿಲ್ಲ. ತಲಾ ಅರ್ಧ ಲೀಟರ್ ನೀರು, ಸಣ್ಣಾಕಿಗೊಂದು ಬಾಳೆಹಣ್ಣು. ಮನೆ ಬಿಡುವಾಗಲೇ ಮೂತ್ರ ಮಾಡಿಸಿ, ಓಣಿಯಲ್ಲಿ ಜಾಗ ಹುಡುಕುವುದು ಕಷ್ಟ. ನಿಮ್ಮ ಮನೆಯಾಕೆ ಆಟೋದಲ್ಲಿ ನೇರ ಗುಡಿಗೆ ಬಂದು ಅಂಗಳದಲ್ಲಿ ಕೂಡಲಿ. ಸಣ್ಣಾಕಿ ದಣಿದರೆ ಅಜ್ಜಿಯ ಹತ್ತಿರ ಕೂಡುತ್ತಾಳೆ. ಓಣಿಯಲ್ಲಿ ಯಾವ ತಿರುವು ಹಿಡಿಯಬೇಕೆಂಬುದನ್ನು ಹುಡುಗನಿಗೇ ಬಿಡಿ. ದಾರಿ ತಪ್ಪಿದರೂ ನಿಮಗೆ ಗೊತ್ತಿರುವ ಊರು ತಾನೇ! ನೀವು ಆಡಿದ ಕಟ್ಟೆ, ಕಲಿತ ಶಾಲೆ ಎದುರಾದಾಗ ಎರಡು ಮಾತು ಹೇಳಿ ಮುಂದೆ ನಡೆಯಿರಿ. ಮರಳುವಾಗ ಗಿರಮಿಟ್ಟು ಕೊಡಿಸಿ, ಸಣ್ಣಾಕಿಯದಕ್ಕೆ ಹಸಿಮೆಣಸಿನಕಾಯಿ ಹಾಕದಂತೆ ಹೇಳಿ.

ಇನ್ನೊಂದು ದಿನ ಮಕ್ಕಳೇ ಕೇಳಿದರೆ ತ್ರಿಕೂಟೇಶ್ವರಕ್ಕೆ ಹೋಗಿ. ಒಂದೇ ಪೀಠದ ಮೇಲೆ ಮೂರು ಲಿಂಗ ನೋಡಿದ ಮೇಲೆ ಅದೇ ಆವರಣದ ಸರಸ್ವತಿ ಗುಡಿಯ ಕಂಬಗಳ ಮುಂದೆ ಹುಡುಗನನ್ನು ನಿಲ್ಲಿಸಿ, ‘ಕಲ್ಲಿನಾಗ ಇಷ್ಟು ಸಣ್ಣ ಕೆತ್ತನೆ ಹೆಂಗ ಮಾಡಿದರು’ ಎಂದು ಕೇಳಿ. ಬಳಪದ ಕಲ್ಲು ಮೆತ್ತಗಿರುತ್ತದೆ, ಅದಕ್ಕೇ ಉಳಿಗೆ ಬಗ್ಗುತ್ತದೆ. ಅದೇ ಕಾರಣಕ್ಕೆ ಬೇಗ ಗೀಚೂ ಬೀಳುತ್ತದೆ. ಚಿತ್ರ ಬರೆಯಲು ಹಾಳೆ, ಪೆನ್ಸಿಲು ಕೊಡಿ, ಕಂಬದ ಮೇಲೆ ಹಾಳೆಯಿಟ್ಟು ತಿಕ್ಕಲು ಬಿಡಬೇಡಿ. ಬೆಟಗೇರಿಯಲ್ಲಿ ನಿಮಗೆ ಪರಿಚಯದ ನೇಕಾರರ ಮನೆಯಿದ್ದರೆ ಮೊದಲೇ ಕೇಳಿಟ್ಟುಕೊಳ್ಳಿ. ಕೈಮಗ್ಗದ ಲಾಳಿ ಹಾಸಿನ ನೂಲಿನ ನಡುವೆ ಅತ್ತಿಂದಿತ್ತ ಓಡುವುದನ್ನು ಆರು ವರ್ಷದವರು ಕಣ್ಣು ಮಿಟುಕಿಸದೆ ನೋಡುತ್ತಾರೆ.

ಲಕ್ಕುಂಡಿ ಈ ಸಲ ಬೇಡ. ಅತ್ತ ಜಾಗಕ್ಕೆ ಅಷ್ಟು ಬೇಗ ಕರೆದೊಯ್ದರೆ ಸಣ್ಣಾಕಿ ದೂರದಿಂದಲೇ ಮುಖ ತಿರುಗಿಸುತ್ತಾಳೆ. ಎರಡು ವರ್ಷ ಬಿಟ್ಟು ಹೋದಾಗಲೂ ಅಲ್ಲಿನ ಮುಸುಕಿನ ಬಾವಿಯ ಮೆಟ್ಟಿಲಲ್ಲಿ ಕೈ ಬಿಡಬೇಡಿ.

ಫೋನ್ ಮಾತ್ರ ಈ ವಾರವೇ ಮಾಡಿ. ಸೊಸೆ ‘ಎರಡೇ ತಾಸು’ ಎಂದರೆ ಎರಡಕ್ಕೇ ಒಪ್ಪಿಕೊಳ್ಳಿ.