ಫ್ಯಾನನ್ನು ಒಲೆಯ ಕಡೆಗೆ ತಿರುಗಿಸಿ

ಅಮೆರಿಕದ ವರ್ಮಾಂಟಿನಲ್ಲಿ ನೀವು ಕೊಂಡ ಹಳೆಯ ಮನೆಯ ಕೆಳಗಡೆ ಸೌದೆ ಒಲೆ ಹಗಲಿರುಳು ಉರಿದರೂ ಮೇಲಿನ ಮಲಗುವ ಕೋಣೆಗಳಲ್ಲಿ ಚಳಿ ಕೊರೆಯುತ್ತದೆ, ಒಲೆಯ ಪಕ್ಕದಿಂದ ಮೆಟ್ಟಿಲ ಕಡೆಗೆ ಫ್ಯಾನ್ ಬೀಸಿದರೂ ಪ್ರಯೋಜನವಾಗಲಿಲ್ಲ, ಮಹಡಿಯ ಹಲಗೆ ಕೊರೆಸಿ ಕಿಂಡಿ ಮಾಡಿಸಲೇ ಎಂದು ಕೇಳಿದ್ದೀರಿ. ಇಂಥದೇ ಮನೆಯಲ್ಲಿ 18 ಚಳಿಗಾಲ ಕಳೆದಿರುವ ನಾನು ಹೇಳುವುದಿಷ್ಟೆ: ಹಲಗೆಗೆ ಕೈ ಹಚ್ಚುವ ಮೊದಲು ಆ ಫ್ಯಾನನ್ನು ತಿರುಗಿಸಿಡಿ.

ಬಿಸಿಗಾಳಿ ತಾನಾಗಿ ಮೇಲೇರುತ್ತದೆ, ನಿಜ. ಆದರೆ ಮೇಲಿನ ಕೋಣೆಗಳಲ್ಲಿ ಆಗಲೇ ತಣ್ಣನೆಯ ಗಾಳಿ ತುಂಬಿರುತ್ತದೆ, ಅದು ಇಳಿದು ಬರುವವರೆಗೆ ಬಿಸಿಗಾಳಿಗೆ ಅಲ್ಲಿ ಎಡೆಯಿಲ್ಲ. ರಾತ್ರಿ ಕೆಳಗಿನ ಮೆಟ್ಟಿಲ ಮೇಲೆ ಬರಿಗಾಲಿನಲ್ಲಿ ನಿಂತರೆ ಮೇಲಿನಿಂದ ಹರಿದು ಬರುವ ತಂಪು ಪಾದಕ್ಕೆ ತಾಗುತ್ತದೆ. ನಿಮ್ಮ ಫ್ಯಾನು ಈ ಹರಿವಿಗೆ ಎದುರಾಗಿ ಬೀಸುತ್ತಿದೆ. ಅದನ್ನು ಮೆಟ್ಟಿಲ ಬುಡದಲ್ಲಿ ನೆಲದ ಮೇಲಿಟ್ಟು, ಒಲೆಯ ಕಡೆಗೆ ಮುಖ ಮಾಡಿ, ಕಡಿಮೆ ವೇಗದಲ್ಲಿ ಓಡಿಸಿದರೆ, ಹೆಚ್ಚು ದಟ್ಟವಾದ ತಂಪುಗಾಳಿ ನೆಲದ ಮಟ್ಟದಲ್ಲೇ ಒಲೆಯತ್ತ ಸಾಗಿ, ಅದು ತೆರವು ಮಾಡಿದ ಜಾಗಕ್ಕೆ ಬಿಸಿಗಾಳಿ ಸೂರಿನಡಿಯಿಂದ ಹರಿದು ಮೇಲೇರುತ್ತದೆ. ಬಾಗಿಲ ಚೌಕಟ್ಟಿನ ಮೇಲ್ತುದಿಗೆ ತೆಳುವಾದ ಟಿಶ್ಯೂ ಕಾಗದದ ಪಟ್ಟಿಯೊಂದನ್ನು ಅಂಟಿಸಿ ನೋಡಿ. ಅದು ಮೆಟ್ಟಿಲ ಕಡೆಗೆ ವಾಲಿದರೆ ಗಾಳಿ ಸುತ್ತತೊಡಗಿದೆ ಎಂದು ತಿಳಿಯಬಹುದು. ನಮ್ಮ ಮಲೆನಾಡಿನ ಮನೆಯಲ್ಲಿ ಒಲೆಯ ಮೇಲಿನ ಅಟ್ಟ ಸದಾ ಬೆಚ್ಚಗಿರುತ್ತಿದ್ದುದು ದಬ್ಬೆಗಳ ನಡುವೆಯೂ ಹೆಂಚಿನ ಸಂದಿಯಲ್ಲೂ ಗಾಳಿಗೆ ದಾರಿ ಇದ್ದುದರಿಂದಲೇ.

ಸಂಜೆಯೆಲ್ಲ ಮೇಲಿನ ಬಾಗಿಲುಗಳು ತೆರೆದೇ ಇರಲಿ. ಮಲಗುವಾಗ ಮಾತ್ರ ಮುಚ್ಚಿಕೊಳ್ಳಿ, ಏಕೆಂದರೆ ಬೆಂಕಿ ಬಿದ್ದರೆ ಹೊಗೆಯನ್ನು ತಡೆಯುವುದು ಆ ಮುಚ್ಚಿದ ಬಾಗಿಲೇ. ಕಿಂಡಿಯ ಬಗ್ಗೆ ನನಗೆ ಅಳುಕಿರುವುದೂ ಇದೇ ಕಾರಣಕ್ಕೆ. ಇಲ್ಲಿನ ಹಳೆಯ ಮನೆಗಳ ಮಹಡಿಯಲ್ಲಿ ಕಬ್ಬಿಣದ ಜಾಲರಿ ಕೂರಿಸಿದ ಕಿಂಡಿಗಳನ್ನು ಕಾಣಬಹುದು, ಅವು ಬಿಸಿಯನ್ನು ಚೆನ್ನಾಗಿಯೇ ಏರಿಸುತ್ತವೆ. ಆದರೆ ಬೆಂಕಿ ಹತ್ತಿದಾಗ ಹೊಗೆಗೂ ಅದೇ ನೇರ ದಾರಿ, ಅದೂ ಮಕ್ಕಳು ಮಲಗಿರುವ ಕೋಣೆಗೆ. ಮಾಡಿಸಲೇಬೇಕೆಂದಿದ್ದರೆ, ಬಿಸಿ ಮಿತಿಮೀರಿದೊಡನೆ ಲೋಹದ ಕೊಂಡಿ ಕರಗಿ ತಾನೇ ಮುಚ್ಚಿಕೊಳ್ಳುವ ಫೈರ್ ಡ್ಯಾಂಪರ್ ಇರುವಂಥದನ್ನೇ ಹಾಕಿಸಿ, ಸ್ಥಳೀಯ ಕಟ್ಟಡ ನಿಯಮವನ್ನೂ ಮೊದಲೇ ವಿಚಾರಿಸಿಕೊಳ್ಳಿ. ಕಿಂಡಿ ಇರಲಿ, ಬಿಡಲಿ, ಹೊಗೆಯ ಅಲಾರಂ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡೂ ಪ್ರತಿ ಮಹಡಿಯಲ್ಲಿ ಇರಲೇಬೇಕು.

ಇಷ್ಟಾದರೂ ಮೇಲಿನ ಕೋಣೆಗಳು ಒಲೆಯ ಕೋಣೆಯಷ್ಟು ಬೆಚ್ಚಗಾಗುವುದಿಲ್ಲ. ರಜಾಯಿ ಹೊದ್ದು ಮಲಗಲು ಅಷ್ಟು ಸಾಕು. ಆದರೆ ಹೊರಗೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ರಾತ್ರಿಗಳಲ್ಲಿ ಒಲೆಯೊಂದನ್ನೇ ನಂಬಿ ಮನೆಯ ಹೀಟಿಂಗನ್ನು ಪೂರ್ತಿ ಆರಿಸಬೇಡಿ, ಮೇಲಿನ ಬಚ್ಚಲಿನ ಹೊರಗೋಡೆಯೊಳಗಿನ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯಬಹುದು.